ಹನ್ನೆರಡು ವರ್ಷದ ಓಲೆ

"ಬುದ್ಧಿ, ಊರು ಬದಲಿಸಿದ ಮಾತ್ರಕ್ಕೆ ದುಡಿದ ಹನ್ನೊಂದು ವರ್ಷ ಇಲ್ಲವಾಗುತ್ತದೆಯೇ?"

ಕೇಳಿದವನು ನಾಗಮಲ್ಲಪ್ಪ, ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಬೀದರಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ, ತಾನೇ ಅರ್ಜಿ ಕೊಟ್ಟು ತನ್ನ ಚಾಮರಾಜನಗರಕ್ಕೆ ವರ್ಗ ಮಾಡಿಸಿಕೊಂಡಿದ್ದ. ಇಲ್ಲಿಯ ಜ್ಯೇಷ್ಠತಾ ಪಟ್ಟಿಯಲ್ಲಿ ಅವನ ಹೆಸರು ಎಲ್ಲರಿಗಿಂತ ಕೆಳಗೆ ಬಿತ್ತು. ನಿನ್ನೆ ಮೊನ್ನೆ ಸೇರಿದವರೂ ಬಡ್ತಿಯ ಸಾಲಿನಲ್ಲಿ ಅವನಿಗಿಂತ ಮುಂದೆ. ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮಠದ ಜಗಲಿಯ ಮೇಲೆ ಗುರುಗಳೆದುರು ಕೂತಾಗಲೂ ಕೈಯಲ್ಲಿದ್ದ ಮನವಿಪತ್ರವನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ.

"ಕಾನೂನು ಬಲ್ಲವರನ್ನು ಕೇಳಬೇಕಾದ್ದನ್ನು ನನ್ನ ಕೇಳುತ್ತೀಯಲ್ಲ. ನನಗೆ ಗೊತ್ತಿರುವುದು ಒಬ್ಬ ಅಂಬಿಗನ ಕತೆ" ಎಂದು ಗುರುಗಳು ಶುರುಮಾಡಿದರು.

ಒಬ್ಬ ಅಂಬಿಗನಿದ್ದ. ಹೊಳೆಯ ಮೇಲ್ಭಾಗದಲ್ಲಿ ಜನ ದಾಟುವ ಕಡವೊಂದರಲ್ಲಿ ಹನ್ನೆರಡು ವರ್ಷ ದೋಣಿ ನಡೆಸಿದ್ದ. ಹೆಂಡತಿಗೆ ಕಾಯಿಲೆಯಾಯಿತೆಂದು ಅವಳ ತವರಿನ ಹತ್ತಿರವಿದ್ದ ಕೆಳಗಿನ ಕಡವಿಗೆ ತಾನೇ ಕೇಳಿಕೊಂಡು ಬಂದ. ಆ ಕಡವು ಹೊಸದು, ಹುಟ್ಟಿ ನಾಲ್ಕೇ ವರ್ಷ. ಅಲ್ಲಿಯ ದೊಡ್ಡ ದೋಣಿಗೆ ಏಳು ಮಂದಿ ಹುಟ್ಟು ಹಾಕುತ್ತಿದ್ದರು, ಬೇರೆ ಕಡವಿನಿಂದ ಕರೆತಂದ ಒಬ್ಬ ಹಳಬ ಚುಕ್ಕಾಣಿ ಹಿಡಿಯುತ್ತಿದ್ದ. ಯಾರು ಮೊದಲು ಸೇರಿದರೋ ಅವರು ಮುಂದೆ ಕೂರಬೇಕು. ಹೊಸಬ ಎಲ್ಲರ ಹಿಂದೆ. ಚುಕ್ಕಾಣಿ ಖಾಲಿಯಾದರೆ ಮುಂದಿನವನನ್ನು ಮೊದಲು ಕೇಳುತ್ತಿದ್ದರು.

ಏಳು ಜನರ ಬೆನ್ನು ನೋಡುತ್ತ ಹುಟ್ಟು ಹಾಕುವುದು ಅಂಬಿಗನಿಗೆ ಸಂಕಟವಾಯಿತು. ಅವರಲ್ಲಿ ಇಬ್ಬರಿಗೆ ಹುಟ್ಟು ಹಿಡಿಯಲೂ ನೆಟ್ಟಗೆ ಬರುತ್ತಿರಲಿಲ್ಲ. ಅವನು ಕಡವಿನ ಯಜಮಾನನ ಬಳಿ ಹೋಗಿ, "ನನ್ನ ಹನ್ನೆರಡು ವರ್ಷವನ್ನು ಲೆಕ್ಕಕ್ಕೆ ಹಿಡಿಯಿರಿ ಸ್ವಾಮಿ" ಎಂದ.

ಯಜಮಾನ ಹೇಳಿದ: "ಐದು ವರ್ಷ ಹುಟ್ಟು ಹಾಕದವನಿಗೆ ಇಲ್ಲಿ ಚುಕ್ಕಾಣಿ ಕೊಡುವುದಿಲ್ಲ. ಆ ಐದಕ್ಕೆ ನಿನ್ನ ಹನ್ನೆರಡನ್ನು ಹಿಡಿದಾಗಿದೆ. ಆದರೆ ಕೂರುವ ಸಾಲಿಗೆ ಹಿಡಿಯುವುದಿಲ್ಲ. ನೀನಾಗಿ ಕೇಳಿ ಬಂದವನು, ಕೊನೆಯಲ್ಲೇ ಕೂರಬೇಕು."

ಅಂಬಿಗನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ನಮ್ಮೆಲ್ಲರ ಕಿವಿಯೂ ಹಾಗೇ ಇರುತ್ತದೆ, ಅವನೊಬ್ಬನನ್ನು ಯಾಕೆ ಅನ್ನಬೇಕು. ತನ್ನ ದುಡಿಮೆಯನ್ನು ಇವರು ನಂಬುತ್ತಿಲ್ಲ ಎಂದುಕೊಂಡ. ಅನ್ನ ಸೇರಲಿಲ್ಲ. ಕಾಯಿಲೆಯ ಹೆಂಡತಿಯ ಮುಂದೆ ಕೂತರೂ ಅದೇ ಮಾತು. ಅವಳೇ ಸಾಕಾಗಿ, "ಹೋಗಿ ಒಂದು ಓಲೆ ಬರೆಸಿಕೊಂಡಾದರೂ ಬನ್ನಿ" ಎಂದಳು. ಹಳೆಯ ಯಜಮಾನನಿಂದ ಹನ್ನೆರಡು ವರ್ಷದ ಓಲೆ ಬರೆಸಿ ತರಲು ಅವನು ಮೇಲಿನ ಕಡವಿಗೆ ಹೊರಟ. ಹೋಗುತ್ತೇನೆಂದು ಯಜಮಾನನಿಗೆ ಒಂದು ಮಾತು ಹೇಳಲಿಲ್ಲ.

ಮರುದಿನವೇ ಚುಕ್ಕಾಣಿಯವನು ಕಾಲು ಜಾರಿ ಬಿದ್ದು ತೋಳು ಮುರಿದುಕೊಂಡ. ಹೊಳೆ ಏರುತ್ತಿತ್ತು, ದಡದ ತುಂಬ ಜನ. ಯಜಮಾನ ಮುಂದಿನವನಿಂದ ಶುರುಮಾಡಿ ಒಬ್ಬೊಬ್ಬರನ್ನೇ ಕೇಳಿದ. ಎಲ್ಲರದೂ ನಾಲ್ಕು ವರ್ಷ, ಇಲ್ಲವೇ ಅದಕ್ಕೂ ಕಡಿಮೆ. ಐದು ತುಂಬಿದವನು ಒಬ್ಬನೂ ಇಲ್ಲ. ಉಳಿದದ್ದು ಕೊನೆಯ ಜಾಗ. ಯಜಮಾನ ಅಂಬಿಗನ ಹೆಸರನ್ನು ಮೂರು ಸಲ ಕೂಗಿಸಿದ. ಆಮೇಲೆ ಪಕ್ಕದ ಕಡವಿನಿಂದ ಒಬ್ಬನನ್ನು ಕರೆಸಿ ಚುಕ್ಕಾಣಿ ಕೊಟ್ಟ.

ಮೂರನೆಯ ದಿನ ಅಂಬಿಗ ಓಲೆಯನ್ನು ತಲೆಗೆ ಸುತ್ತಿದ ವಸ್ತ್ರದಲ್ಲಿಟ್ಟುಕೊಂಡು ಬಂದ. ಯಜಮಾನ ಅದನ್ನು ಬಿಚ್ಚಿಯೂ ನೋಡಲಿಲ್ಲ. "ಇದನ್ನು ನಾನು ಯಾವತ್ತು ಕೇಳಿದ್ದೆ? ಚುಕ್ಕಾಣಿಗೆ ನಿನ್ನನ್ನು ಮೂರು ಸಲ ಕೂಗಿಸಿದೆ, ನೀನಿರಲಿಲ್ಲ" ಎಂದ. ಅಂಬಿಗ ದಡದ ಮೇಲೆ ಕುಸಿದು ಕೂತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ನಾಗಮಲ್ಲಪ್ಪನಿಗೆ ತಡೆಯಲಾಗಲಿಲ್ಲ.

"ಆ ಯಜಮಾನ ಎರಡು ದಿನ ಕಾಯಬಹುದಿತ್ತಲ್ಲ ಬುದ್ಧಿ. ತಪ್ಪು ಅವನದೋ, ಅಂಬಿಗನದೋ?"

"ಅದನ್ನು ಆಮೇಲೆ ನೋಡೋಣ; ಇವತ್ತು ಮಂಗಳವಾರ, ಹೊತ್ತು ನೆತ್ತಿಗೆ ಬಂತು, ಕಚೇರಿಯಲ್ಲಿ ನಿನ್ನ ಕುರ್ಚಿಯ ಮೇಲೆ ಈಗ ಯಾರಿದ್ದಾರಪ್ಪ?"