ಮೈಲಿಗೆ ಬುರುಜು

ತೊಂಡಿಗಲ್ಲಿನ ಕೋಟೆಗೆ ಹೋದರೆ ಮೊದಲು ಕಾಣೋದು ಬುರುಜಲ್ಲ, ಅದರ ಮುಂದೆ ನೆಟ್ಟಿರೋ ಬೋರ್ಡು. ‘ವಿಜಯ ಬುರುಜು’ ಅಂತ ದಪ್ಪಕ್ಷರದಲ್ಲಿ ಬರೆದಿದೆ. ಆ ಹೆಸರು ಹೇಳಿ ಊರಲ್ಲಿ ದಾರಿ ಕೇಳಿದರೆ ಯಾರಿಗೂ ಗೊತ್ತಾಗಲ್ಲ. ಮೈಲಿಗೆ ಬುರುಜು ಅನ್ನಿ, ಎಮ್ಮೆ ಮೇಯಿಸೋ ಮುದುಕಿಯೂ ಕೋಲೆತ್ತಿ ತೋರಿಸ್ತಾಳೆ. ಮೇಲೆ ಹತ್ತಿದರೆ ಸೊಂಟದೆತ್ತರದ ಗೋಡೆ, ಈಟಿ ನಿಲ್ಲಿಸೋಕೆ ಕೊರೆದ ಗುಣಿಗಳ ಸಾಲು, ಮೂಲೆಯಲ್ಲಿ ನೀರಿನ ಗಡಿಗೆ, ಅದರ ಮೇಲೊಂದು ತಂಬಿಗೆ. ಇಷ್ಟೇ.

ಹಿಂದೆ ಒಮ್ಮೆ, ಪಾಳೆಗಾರರು ಒಬ್ಬರ ದನ ಒಬ್ಬರು ಹೊಡ್ಕೊಂಡು ಹೋಗಿ ಅದಕ್ಕೆ ಯುದ್ಧ ಅಂತ ಹೆಸರಿಡ್ತಿದ್ದ ಕಾಲದಲ್ಲಿ, ಈ ಕೋಟೆಗೊಂದು ಕಟ್ಟಳೆ ಇತ್ತು ಅಂತಾರೆ. ಮಹಾನವಮಿ ದಿನ ಕತ್ತಿ, ಈಟಿ ಎಲ್ಲ ತೊಳೆದು, ಕುಂಕುಮ ಹಚ್ಚಿ ದುರ್ಗಮ್ಮನ ಮುಂದೆ ಇಟ್ಟರೆ ದಶಮಿ ಬೆಳಗಿನವರೆಗೆ ಯಾರೂ ಮುಟ್ಟೋ ಹಾಗಿಲ್ಲ. ಕಾವಲಿನವರೂ ಬರಿಗೈಲೇ ನಿಲ್ಲಬೇಕು. ಶತ್ರುಗಳಿಗೂ ಪಂಚಾಂಗ ನೋಡೋಕೆ ಬರುತ್ತೆ ಅನ್ನೋದು ಮಾತ್ರ ಯಾರಿಗೂ ಹೊಳೀಲಿಲ್ಲ. ಪಕ್ಕದ ಪಾಳೆಯದವರು ತಮ್ಮ ಪೂಜೆ ಅಷ್ಟಮಿಗೇ ಮುಗಿಸಿ, ನವಮಿಗೆ ಆರಾಮಾಗಿ ದಂಡು ಕಟ್ಕೊಂಡು ಬಂದರು. ಒಂದು ನವಮಿಗೆ ಕಂಬಾರ ಮಾನಪ್ಪನ ಅಪ್ಪ ಸತ್ತ. ನಾಲ್ಕು ವರ್ಷ ಬಿಟ್ಟು ಇನ್ನೊಂದು ನವಮಿಗೆ ಅಣ್ಣ. ಇಬ್ಬರೂ ಬಿದ್ದದ್ದು ತಾವೇ ಬಡಿದು ಮಾಡಿದ ಕತ್ತಿಗಳಿಂದ ಹತ್ತು ಮಾರು ದೂರದಲ್ಲಿ. ನವಮಿ ದಿನ ಸತ್ತರು, ಪುಣ್ಯವಂತರು ಅಂತು ಊರು. ಮಾನಪ್ಪನ ಮನೇಲಿ ಹೋಳಿಗೆ ನಿಂತು, ಒಂದೇ ದಿನ ಎರಡು ತಿಥಿ ಶುರುವಾಯ್ತು. ಅವನಿಗೆ ಉಳಿದವನು ತಮ್ಮ ಈರಪ್ಪ ಒಬ್ಬನೇ, ಅವನೋ ಬುರುಜಿನ ಕಾವಲಿನವನು. ಪೂಜೆ ಒಂದು ದಿನ ಮೊದಲು ಮಾಡೋಣ ಅಂತ ಮಾನಪ್ಪ ದೊರೆ ಹತ್ತಿರ ಹೋಗಿ ಕೇಳಿಯೂ ಕೇಳಿದ. ನೀನು ತಿದಿ ಒತ್ತು, ತಿಥಿ ನಾವು ನೋಡ್ಕೋತೀವಿ ಅಂದು ದೊರೆ ಕಳಿಸಿಬಿಟ್ಟ.

ಮೂರನೇ ನವಮಿ. ಮಧ್ಯಾಹ್ನ ಮಂಗಳಾರತಿ ಹೊತ್ತಿಗೆ, ದಂಡು ಬಂತು ಅಂತ ಬುರುಜಿಂದ ಕಹಳೆ ಕೇಳಿಸ್ತು. ಊರೆಲ್ಲ ಕೈಮುಗಿದು ನಿಂತಿತ್ತು. ಮಾನಪ್ಪನಿಗೆ ಕಂಡದ್ದು ಮೂರನೇ ತಿಥಿ. ಸೀದಾ ಗುಡಿ ಹೊಕ್ಕ. ಪೂಜಾರಿ ಕೆಂಚಯ್ಯ ಅಡ್ಡ ನಿಂತ.

“ತಾಯಿ ಉಡಿಯಾಗ ಇಟ್ಟದ್ದು ಮಾನಪ್ಪ, ನಾಳೆ ಬೆಳಕು ಹರಿಯೂತನಕ ಮುಟ್ಟೂಹಂಗಿಲ್ಲ.”

“ನಾಳೆ ಆರತಿ ಎತ್ತಾಕ ಮಂದಿ ಉಳೀಬೇಕಲ್ರೀ ಅಯ್ಯಾರ.”

ಅವನನ್ನ ಸರಿಸಿ, ಈಟಿಗಳನ್ನ ಕಟ್ಟಿಗೆ ಹೊರೆ ಹಂಗೆ ಹೊತ್ತು ಬುರುಜು ಹತ್ತಿದ. ಕಾವಲಿನ ಹನ್ನೊಂದು ಜನ ಮೊದಲು ಹಿಂದೆ ಸರಿದರು. ಏಣಿಗಳು ಗೋಡೆಗೆ ತಾಗಿದ ಮೇಲೆ ಒಬ್ಬೊಬ್ಬರೇ ಕೈ ಚಾಚಿದರು. ಕಡೆಗೆ ಈರಪ್ಪನೂ ಚಾಚಿದ. ಸಂಜೆ ಹೊತ್ತಿಗೆ ದಂಡು ತಿರುಗಿ ಓಡಿತ್ತು. ಮಾನಪ್ಪನ ಅಂಗೈ ಕೆಂಪಾಗಿತ್ತು; ಕುಂಕುಮ ಎಷ್ಟು, ರಕ್ತ ಎಷ್ಟು ಅಂತ ಅವನಿಗೂ ತಿಳೀಲಿಲ್ಲ.

ದಶಮಿ ದಿನ ಪಂಚಾಯ್ತಿ ಕೂತಿತು. ಈಟಿ ಹಿಡಿದವರಿಗೆಲ್ಲ ಹೊಂಡದಲ್ಲಿ ಮೂರು ಮುಳುಗು, ಅಲ್ಲಿಗೆ ಶುದ್ಧ. ತಂದುಕೊಟ್ಟವನಿಗೆ ಮಾತ್ರ ಊರೊಳಗೆ ಬೆಂಕಿ ಇಲ್ಲ, ನೀರಿಲ್ಲ. ಬುರುಜಿನ ಮೇಲೇ ಇರಲಿ ಅಂದರು. ಮಾನಪ್ಪ ಅಲ್ಲೇ ಗಡಿಗೆ ಇಟ್ಕೊಂಡು ಉಳಿದ. ಮಾರನೇ ದಿನ ಈರಪ್ಪ ಕಾವಲಿಗೆ ಬಂದ. ಬಿಸಿಲಲ್ಲಿ ಹತ್ತಿ ಬಂದವನಿಗೆ ಅಣ್ಣ ತಂಬಿಗೆ ನೀಡಿದ.

“ಬ್ಯಾಡಣ್ಣ. ಊರು ನೋಡಾಕತ್ತೈತಿ.”

“ನೋಡಲಿ ಬಿಡೋ. ನೋಡಾಕ ಊರಾರ ಉಳದೈತಲ್ಲ.”

ಈರಪ್ಪ ಕುಡೀಲಿಲ್ಲ. ಅವತ್ತೂ ಇಲ್ಲ, ಆಮೇಲಿನ ಹದಿನಾರು ವರ್ಷವೂ ಇಲ್ಲ. ಮಾನಪ್ಪ ಸತ್ತ ಮಾರನೇ ದಿನ ಮಾತ್ರ ಅವನೇ ಹೆಗಲ ಮೇಲೆ ಕೊಡ ಹೊತ್ತು ಬುರುಜು ಹತ್ತಿದನಂತೆ. ಗಡಿಗೆ ತುಂಬಿಸಿದ್ದನ್ನ ನೋಡಿದವರಿದ್ದಾರೆ, ಕುಡಿದದ್ದನ್ನ ನೋಡಿದವರಿಲ್ಲ.

ಇವತ್ತಿಗೂ ಈರಪ್ಪನ ಮನೆತನದವರು ದಿನಾ ಆ ಗಡಿಗೆ ತುಂಬಿಸಿ ಇಳಿದುಹೋಗ್ತಾರೆ. ನವಮಿ ದಿನ ಊರಲ್ಲಿ ಟ್ರ್ಯಾಕ್ಟರಿಂದ ಹಿಡಿದು ಮಿಕ್ಸಿವರೆಗೆ ಎಲ್ಲದಕ್ಕೂ ಕುಂಕುಮ ಬೀಳುತ್ತೆ, ಬುರುಜಿಗೆ ಬೀಳಲ್ಲ. ಊರವರು ಯಾರೂ ಆ ನೀರು ಮುಟ್ಟಲ್ಲ. ನೋಡೋಕೆ ಬಂದವರು ಬೆವರು ಒರೆಸ್ಕೊಂಡು ಗಟಗಟ ಕುಡೀತಾರೆ. ಬುರುಜಿಗೆ ಆ ಹೆಸರು ಯಾಕೆ ಬಂತು ಅಂತ ಕೇಳೋದು ಆಮೇಲೆ.