ಹೆಜ್ಜೆಗೆ ಸದ್ದು ಬೇಕೆಂದ ಬೆಕ್ಕು

ಅಕ್ಕಿ ಗಿರಣಿಯ ಬೆಕ್ಕು ಚೆಲುವಾಂಬೆಗೆ ತನ್ನ ನಡಿಗೆಯ ಮೇಲೆ ಬಲು ಮೋಹ. ಆ ನಡಿಗೆಯ ವಿಡಿಯೊ ಮಾಡಿಕೊಂಡು, ಅದಕ್ಕೆ ಸದ್ದು ಕೂಡಿಸಲೆಂದು, ಯಾವ ಸದ್ದು ಬೇಕೆಂದು ಬರೆದರೂ ಹುಟ್ಟಿಸಿಕೊಡುವ ಮೊಬೈಲಿನ ಎಐಗೆ “ಬೆಕ್ಕು ನಡೆದು ಬರುವ ಸದ್ದು” ಎಂದು ಬರೆದಳು. ಏನೂ ಕೇಳಿಸಲಿಲ್ಲ.

“ಕೆಟ್ಟುಹೋದೆಯೇನೋ?” ಎಂದು ಗದರಿದಳು.

“ಇಲ್ಲ ತಾಯಿ, ಕೇಳಿದ್ದನ್ನೇ ಕೊಟ್ಟಿದ್ದೇನೆ. ನಿಮ್ಮ ಹೆಜ್ಜೆಗೆ ಸದ್ದೇ ಇಲ್ಲ,” ಎಂದಿತು ಎಐ.

ಚೆಲುವಾಂಬೆಗೆ ಮೈಯೆಲ್ಲ ಉರಿಯಿತು. “ನೆಲ ನಡುಗುವಂತೆ ಹುಲಿ ನಡೆದು ಬರುವ ಸದ್ದು” ಎಂದು ಬರೆದಳು. ಧಂ ಧಂ ಎಂದು ಬಂತು. ಅದನ್ನು ವಿಡಿಯೊಗೆ ಹಾಕಿದರೂ ಆಸೆ ತೀರಲಿಲ್ಲ. ಮೊಬೈಲನ್ನೇ ಕೊರಳಿಗೆ ಕಟ್ಟಿಕೊಂಡು, ಹೋದಲ್ಲೆಲ್ಲ ಧಂ ಧಂ ಎನಿಸುತ್ತ ತಿರುಗಿದಳು. ಅವಳು ಗಿರಣಿಯ ಬಾಗಿಲಿಗೆ ಬರುವಷ್ಟರಲ್ಲಿ ಇಲಿಗಳೆಲ್ಲ ಬಿಲ ಸೇರಿರುತ್ತಿದ್ದವು.

ನಾಲ್ಕನೆಯ ದಿನ ಹಸಿವು ತಾಳಲಾರದೆ, “ಇಲಿಯನ್ನು ಕಟುಂ ಎಂದು ಕಡಿಯುವ ಸದ್ದು” ಎಂದು ಬರೆದಳು. ಎಐ ತಕ್ಷಣ ಕಟುಂ ಎಂದಿತು. ಅದರ ಹಿಂದೆಯೇ ಅವಳ ಹೊಟ್ಟೆ ಗುರ್ರೆಂದಿತು.

ಬಿಲದೊಳಗಿಂದ ಮುದಿ ಇಲಿಯೊಂದು ಕೂಗಿ ಹೇಳಿತು: “ಅಮ್ಮಾವರೇ, ಆ ಕೊನೆಯ ಸದ್ದೊಂದೇ ನಿಮ್ಮ ಸ್ವಂತದ್ದು!”