ಬಾವಲಿ ಗವಿಯ ಮೂರು ಒಗಟು

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ದೇವಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ! ತಪ್ಪಿದರೆ ತಲೆ ಇಲ್ಲ!"

ಡಂಗುರ ಊರಿಗೆಲ್ಲ ಕೇಳಿಸಿತು, ಚಿಕ್ಕೀರನೊಬ್ಬನನ್ನು ಬಿಟ್ಟು. ಅವನು ಬೆಟ್ಟದ ಗವಿಯೊಳಗೆ ಬಾವಲಿ ಹಿಕ್ಕೆ ಕೆರೆದು ಮೂಟೆ ಕಟ್ಟುತ್ತಿದ್ದ. ಅರಮನೆ ಹೂದೋಟಕ್ಕೆ ಗೊಬ್ಬರ ಒದಗಿಸುವುದು ಅವನ ಕೆಲಸ.

ಮೂಟೆ ಹೊತ್ತು ಬಂದರೆ ಅರಮನೆ ಬಾಗಿಲಲ್ಲಿ ಸಾಲು. ಎಲ್ಲರಿಗೂ ಜರಿಪೇಟ. ಗೊಬ್ಬರದವರು ಇಷ್ಟು ಚೆನ್ನಾಗಿದ್ದಾರಾ ಅಂದುಕೊಂಡು ಅವನೂ ನಿಂತ.

ಒಳಗೆ ಒಬ್ಬ "ನಕ್ಷತ್ರ!" ಅಂದ. ಇನ್ನೊಬ್ಬ "ನಮ್ಮಪ್ಪನ ಖಜಾನೆ!" ಅಂದ. ಇಬ್ಬರನ್ನೂ ಕೈಕಟ್ಟಿ ಅಂಗಳದಲ್ಲಿ ಕೂರಿಸಿದರು. ತಲೆ ತೆಗೆಯುವುದು ಸಂಜೆ, ಎಲ್ಲರದೂ ಒಟ್ಟಿಗೆ. ಚಿಕ್ಕೀರನಿಗೆ ಕಂಡದ್ದು ಕಟ್ಟಿದ ಕೈ ಮಾತ್ರ. ಕಲಬೆರಕೆ ಮಾಲು ತಂದಿರಬೇಕು, ಪಾಪ.

ಅವನ ಸರದಿ ಬಂತು.

"ಮಾಡಿನಿಂದ ಸುರಿಯುತ್ತೆ, ಹರಿಯಲ್ಲ, ಗುಡ್ಡೆಯಾಗುತ್ತೆ. ಏನದು?" ಅಂದಳು ರಾಜಕುಮಾರಿ.

ಮೂಟೆಯ ಪರೀಕ್ಷೆ ಶುರುವಾಯಿತು ಅಂತ ಚಿಕ್ಕೀರ ಕೈಮುಗಿದ. "ಬಾವಲಿ ಹಿಕ್ಕೆ ಅಮ್ಮಣ್ಣಿ. ನಿಮ್ಮಾಣೆ, ಮಣ್ಣು ಬೆರೆಸಿಲ್ಲ."

ಮಹಾರಾಜರು ನೆಟ್ಟಗೆ ಕೂತರು.

"ತಲೆಕೆಳಗಾಗಿ ಮಲಗೋ ಧಣಿ. ಕೆಳಗಿನವರಿಗೆಲ್ಲ ಅವನದೇ ಊಟ, ಒಂದು ದಿನವೂ ಕರೆದು ಬಡಿಸಿದ್ದಿಲ್ಲ. ಯಾರು?" ಅಂದಳು ರಾಜಕುಮಾರಿ ಮತ್ತೆ.

"ಬಾವಲೀನೇ ಅಮ್ಮಣ್ಣಿ! ಪಾರಿವಾಳದ್ದು ಸೇರಿಸೋನಲ್ಲ ನಾನು."

"ಉಣ್ಣೋ ಅನ್ನದಲ್ಲೇ ಹುಟ್ಟಿ, ಅದರಲ್ಲೇ ಬಾಣಂತನ ಮಾಡಿ, ಬಿಸಿಲೇ ಕಾಣದವರು ಯಾರು?"

ಚಿಕ್ಕೀರ ಮೂಟೆ ಕಡೆ ತಿರುಗಿ ನೋಡಿದ. ಮೂಟೆಯಿಂದ ಒಂದು ಹುಳ ಇಳಿದು ಮಹಾರಾಜರ ಪಾದದ ಕಡೆ ಹೊರಟಿತ್ತು.

"ಜೀರುಂಡೆ!" ಅಂತ ಅಡ್ಡಬಿದ್ದ. "ತಪ್ಪಾಯ್ತು! ಜರಡಿ ಹಿಡಿದೇ ತಂದೆ. ಹಿಕ್ಕೆ ತಿಂದು ಅದರಲ್ಲೇ ಮರಿ ಮಾಡ್ತಾವೆ, ಎಷ್ಟು ಅಂತ ಆರಿಸಲಿ?"

ರಾಜಕುಮಾರಿ ಎದ್ದು ನಿಂತಳು. "ಮೂರೂ ಸರಿ! ಚಿಕ್ಕವಳಿದ್ದಾಗ ಆ ಗವಿಯೊಳಗೆ ಬಿದ್ದಿದ್ದೆ. ಮೇಲೆ ಬಾವಲಿ, ಕೆಳಗೆ ಹಿಕ್ಕೆ ಗುಡ್ಡೆ, ಅದರ ತುಂಬ ಜೀರುಂಡೆ ಸಂಸಾರ. ಹೇಳಿದರೆ ಇಲ್ಲಿ ಎಲ್ಲರೂ ಕನಸು ಅಂದರು. ಕಿವಿಯೊಳಗೂ ಹೋಗ್ತಾವೆ, ಅಲ್ವಾ?"

"ಹೋಗ್ತಾವೆ. ಒಂದು ತೊಟ್ಟು ಎಣ್ಣೆ ಬಿಟ್ಟರೆ ಬರ್ತಾವೆ."

"ಕೇಳಿದಿರಾ ಅಪ್ಪಾಜಿ?"

ಅಪ್ಪಾಜಿ ಪಾದ ಮೇಲೆತ್ತಿಕೊಂಡು, ಕೇಳಿದೆ ಅಂದರು.

ಕೈಕಟ್ಟಿಸಿಕೊಂಡಿದ್ದವರನ್ನು ಬಿಡಿಸಿದ್ದಾಯಿತು. ಕತ್ತಿ ಮಸೆದು ಕೂತಿದ್ದವನಿಗೆ ಸ್ವಲ್ಪ ಬೇಜಾರಾಯಿತು. ಚಿಕ್ಕೀರನಿಗೆ ಅರ್ಧ ರಾಜ್ಯ ಬಂತು, ಮದುವೆಯೂ ನಿಶ್ಚಯವಾಯಿತು. ತಪ್ಪಿದ್ದರೆ ತಲೆ ಹೋಗುತ್ತಿತ್ತು ಅನ್ನೋದನ್ನು ಮಾತ್ರ ಯಾರೋ ಅವನಿಗೆ ಹಸೆಮಣೆ ಮೇಲೆ ಹೇಳಿದರು. ಪುರೋಹಿತರು ಮುಖಕ್ಕೆ ನೀರು ಚಿಮುಕಿಸಿ, ಹಿಂದಿನಿಂದ ಹಿಡಿದುಕೊಂಡೇ ತಾಳಿ ಕಟ್ಟಿಸಿದರು.